ಸೈಟು ತೋರಿಸಿದರು, ಊಟವನ್ನೂ ಹಾಕಿದರು

ಕಳೆದ ದಸರಾ ರಜೆಯ ಒಂದು ಭಾನುವಾರ ಬೆಳಿಗ್ಗೆ ತುಮಕೂರಿನ ನಮ್ಮ ಮನೆ ಮುಂದೆ ಬಿಳಿ ಬಣ್ಣದ ಟೆಂಪೊ ಟ್ರಾವೆಲರ್ ಬಂದು ನಿಂತಿತು. ಒಳಗೆ ಆಗಲೇ ಎಂಟು ಜನ ಕೂತಿದ್ದರು. ಹೆಚ್ಚಿನವರು ಅಪ್ಪನ ವಯಸ್ಸಿನವರೇ. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ದಿನಸಿ ಅಂಗಡಿಯವರು, ಜೊತೆಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬ ಹುಡುಗ. ನೆಲಮಂಗಲ–ಕುಣಿಗಲ್ ಹೆದ್ದಾರಿಯಿಂದ ಒಂದಷ್ಟು ಒಳಗೆ ಹೋದ ಮೇಲೆ ಕೆಂಪು ಮಣ್ಣಿನ ಬಯಲು, ಸುಣ್ಣ ಬಳಿದ ಕಲ್ಲುಗಳು, ಬಣ್ಣಬಣ್ಣದ ಬಾವುಟಗಳು. ‘ಎರಡನೇ ಏರ್‌ಪೋರ್ಟ್ ಈ ಕಡೆನೇ ಬರೋದು ಸಾರ್. ಇವತ್ತು ಅಡಿಗೆ 1,500. ಯುಗಾದಿಗೆ ಬಂದು 1,500ಕ್ಕೆ ಕೇಳಿದ್ರೆ ನಾನೇ ನಗ್ತೀನಿ’ ಎಂದ ಏಜೆಂಟ್. ಶಾಮಿಯಾನದ ಕೆಳಗೆ ಹೋಳಿಗೆ ಊಟ. ಊಟ ಮುಗಿಯುವಷ್ಟರಲ್ಲಿ ಅಪ್ಪ 25,000 ರೂಪಾಯಿ ಟೋಕನ್ ಕೊಟ್ಟಾಗಿತ್ತು, ನಗದಾಗಿ. ರಸೀದಿ ಎಂದರೆ ಏಜೆಂಟನ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಬರೆದ ಸೈಟ್ ನಂಬರ್ ಮತ್ತು ಒಂದು ಸಹಿ.

ಅಪ್ಪ ಅದೇ ವರ್ಷ ನಿವೃತ್ತರಾಗಿದ್ದರು. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಕೈಗೆ ಬಂದದ್ದು 21 ಲಕ್ಷ. ನನ್ನ ಬಿಇ ಕೊನೆಯ ವರ್ಷದ ಫೀಸು, ಪಿಯು ಓದುತ್ತಿರುವ ತಮ್ಮನ ಮುಂದಿನ ಓದು, ಅಪ್ಪ ಅಮ್ಮನ ಮುಂದಿನ ಇಪ್ಪತ್ತು ವರ್ಷ, ಎಲ್ಲವೂ ಅದರಲ್ಲೇ ಇದೆ. ಅದರಲ್ಲಿ 18 ಲಕ್ಷ ಒಂದು 30x40 ಸೈಟಿಗೆ ಹೋಗುವುದರಲ್ಲಿತ್ತು. ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಸರ್ವೆ ಲ್ಯಾಬಿನಲ್ಲಿ ಸರಪಳಿ ಹಿಡಿದು ಕಾಲೇಜಿನ ಮೈದಾನ ಅಳೆದದ್ದು ಬಿಟ್ಟರೆ ಜಮೀನಿನ ವ್ಯವಹಾರ ಕಂಡವಳಲ್ಲ. ಆದರೂ ‘ಎಷ್ಟು ಏರುತ್ತೆ?’ ಎಂದು ವ್ಯಾನಿನಲ್ಲಿದ್ದವರೆಲ್ಲ ಕೇಳುತ್ತಿದ್ದಾಗ, ‘ನಾವು ಕೊಳ್ಳುತ್ತಿರುವುದು ಏನನ್ನು?’ ಎಂದು ಒಬ್ಬರೂ ಕೇಳಲಿಲ್ಲವಲ್ಲ ಎಂದು ನನಗೆ ಅನಿಸಿತು. ಮುಂದಿನ ಎರಡು ತಿಂಗಳು ಆ ಪ್ರಶ್ನೆಯ ಹಿಂದೆಯೇ ಓಡಾಡಿದೆ.

ಮೊದಲಿಗೆ ಆ ಏರ್‌ಪೋರ್ಟ್ ಮಾತನ್ನೇ ತೆಗೆದುಕೊಳ್ಳೋಣ. ಅದು ಪೂರ್ತಿ ಸುಳ್ಳಲ್ಲ, ಅಪಾಯ ಇರುವುದೂ ಅಲ್ಲಿಯೇ. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಕನಕಪುರ ರಸ್ತೆ ಕಡೆಯ ಎರಡು ಮತ್ತು ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗವನ್ನು ನೋಡಿ ಹೋದದ್ದು ನಿಜ. ಆದರೆ ಮೂರು ಜಾಗ ನೋಡಿದ್ದು ಒಂದನ್ನು ಆರಿಸಲಿಕ್ಕೆ. ಮೂರೂ ಕಡೆಯ ಏಜೆಂಟರು ‘ನಮ್ಮಲ್ಲೇ’ ಎನ್ನುತ್ತಿದ್ದಾರೆ ಎಂದರೆ ಅವರಲ್ಲಿ ಕನಿಷ್ಠ ಇಬ್ಬರ ಮಾತು ಸುಳ್ಳಾಗಲೇಬೇಕು. ಇನ್ನೊಂದು ವಿಷಯವನ್ನು ಶಾಮಿಯಾನದ ಕೆಳಗೆ ಯಾರೂ ಹೇಳಲಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದ ಜೊತೆಗಿನ ಒಪ್ಪಂದದ ಪ್ರಕಾರ, ಮೈಸೂರು, ಹಾಸನ ಬಿಟ್ಟರೆ, 150 ಕಿ.ಮೀ. ಸುತ್ತಳತೆಯಲ್ಲಿ ಮತ್ತೊಂದು ವಿಮಾನ ನಿಲ್ದಾಣ 2033ರವರೆಗೆ ಕೆಲಸ ಆರಂಭಿಸುವಂತಿಲ್ಲ. ಯುಗಾದಿಗೆ ಬೆಲೆ ಏರಬಹುದು. ವಿಮಾನ ಅಂತೂ ಬರುವುದಿಲ್ಲ.

ಸರ್ಕಾರದ ಯೋಜನೆ ನಂಬಿ ಜಮೀನು ಕೊಳ್ಳುವವರು ನೆನಪಿಡಬೇಕಾದ ಇನ್ನೂ ಎರಡು ಪ್ರಕರಣಗಳಿವೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಯೋಜನೆ ಎರಡು ದಶಕದಷ್ಟು ಹಳೆಯದು. ಅದರ ಹೆಸರು ಬದಲಾಯಿತು, ಲೆಕ್ಕಾಚಾರ ಬದಲಾಯಿತು. ಅಧಿಸೂಚನೆಯೊಳಗೆ ಸಿಕ್ಕಿಕೊಂಡ ಜಮೀನಿನವರು ಮಾತ್ರ ಇಷ್ಟೂ ಕಾಲ ಮಾರಲೂ ಆಗದೆ, ಕಟ್ಟಲೂ ಆಗದೆ ಉಳಿದರು. ಇನ್ನೊಂದು, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯದು. ಕೈಗಾರಿಕೆಗೆಂದು 1,777 ಎಕರೆ ಸ್ವಾಧೀನಕ್ಕೆ ಹೊರಟ ಸರ್ಕಾರ, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ 2025ರ ಜುಲೈನಲ್ಲಿ ಅದನ್ನು ಕೈಬಿಟ್ಟಿತು. ರೈತರ ದೃಷ್ಟಿಯಿಂದ ಅದು ದೊಡ್ಡ ಗೆಲುವು, ನಾನೂ ಖುಷಿಪಟ್ಟೆ. ಆದರೆ ‘ಪಕ್ಕದಲ್ಲೇ ಕೈಗಾರಿಕಾ ಪ್ರದೇಶ ಬರುತ್ತೆ’ ಎಂಬ ಮಾತಿಗೆ ದುಡ್ಡು ಕೊಟ್ಟವರು ಯಾರಾದರೂ ಇದ್ದರೆ, ಅವರು ಹೋಗಿ ಯಾರನ್ನು ಕೇಳಬೇಕು? ಯೋಜನೆ ಬಂದರೆ ನಮ್ಮ ಜಮೀನೇ ಹೋಗಬಹುದು, ಬಾರದಿದ್ದರೆ ಬೆಲೆ ಹೋಗಬಹುದು. ಈ ಎರಡರ ನಡುವಿನ ಸಣ್ಣ ಜಾಗದಲ್ಲಿ ಮಾತ್ರ ಲಾಭವಿದೆ.

ಎರಡನೆಯದು ಕಾಗದ. ‘ಇ-ಖಾತಾ ಆಗಿದೆ, ಡಿಸಿ ಕನ್ವರ್ಷನ್ ಆಗಿದೆ, ರೇರಾಗೆ ಅಪ್ಲೈ ಮಾಡಿದೀವಿ’ ಎಂದು ಏಜೆಂಟ್ ಒಂದೇ ಉಸಿರಿಗೆ ಹೇಳಿದ್ದ. ಕೇಳುವವರಿಗೆ ಮೂರೂ ಸರ್ಕಾರಿ ಮೊಹರಿನ ಹಾಗೆ ಕೇಳಿಸುತ್ತದೆ. ಒಂದೊಂದನ್ನೂ ಬಿಡಿಸಿ ನೋಡಿದೆ.

ಆ ಬಡಾವಣೆ ಇರುವುದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ. ಅಲ್ಲಿ ಖಾತೆ ಸಿಗುವುದು ಇ-ಸ್ವತ್ತು ತಂತ್ರಾಂಶದಲ್ಲಿ. ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆಯಾಗಿ, ನಕ್ಷೆಗೆ ಅನುಮೋದನೆ ಸಿಕ್ಕ ಸ್ವತ್ತಿಗೆ ನಮೂನೆ 9 ಮತ್ತು 11ಎ. ಅದಿಲ್ಲದ ಸ್ವತ್ತಿಗೆ 11ಬಿ. ಎರಡೂ ಕಂಪ್ಯೂಟರಿನಿಂದ ಬರುತ್ತವೆ, ಎರಡಕ್ಕೂ ಜನ ‘ಇ-ಖಾತಾ’ ಎಂದೇ ಅನ್ನುತ್ತಾರೆ. ನಮಗೆ ಕೊಟ್ಟ ಜೆರಾಕ್ಸಿನ ಮೇಲೆ ಇದ್ದದ್ದು 11ಬಿ. ನಗರಗಳ ಎ-ಖಾತಾ, ಬಿ-ಖಾತಾ ಕಥೆಯೂ ಹೆಚ್ಚುಕಡಿಮೆ ಇದೇ. ಬಿ-ಖಾತಾ ಎಂದರೆ ‘ನಿಮ್ಮಿಂದ ತೆರಿಗೆ ತೆಗೆದುಕೊಳ್ಳುತ್ತೇವೆ’ ಎಂದಷ್ಟೇ ಅರ್ಥ. ‘ನಿಮ್ಮ ಬಡಾವಣೆ ಕಾನೂನುಬದ್ಧ’ ಎಂದು ಅರ್ಥವಲ್ಲ.

ಇನ್ನು ಕನ್ವರ್ಷನ್. ಆದೇಶದ ಪ್ರತಿ ನಿಜವಾದದ್ದೇ. ಆದರೆ ಬಡಾವಣೆ ಹರಡಿಕೊಂಡಿರುವುದು ಎರಡು ಸರ್ವೆ ನಂಬರ್‌ಗಳಲ್ಲಿ, ಆದೇಶ ಇರುವುದು ಒಂದಕ್ಕೆ. ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಇದೆ. ಜಮೀನಿನಲ್ಲಿ ನಿಂತು ಅದನ್ನು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಮತ್ತೊಂದು ಭಾನುವಾರ ತಮ್ಮನನ್ನು ಕರೆದುಕೊಂಡು ಬೈಕಿನಲ್ಲಿ ಹೋಗಿ ನಮ್ಮ ಸೈಟಿನ ಕಲ್ಲಿನ ಪಕ್ಕ ನಿಂತೆ. ಫೋನ್ ತೋರಿಸಿದ್ದು ಕನ್ವರ್ಷನ್ ಆಗದ ನಂಬರನ್ನು. ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗಬಹುದು ಎಂದು ಗೊತ್ತಿದ್ದರಿಂದ ಐವತ್ತು ಹೆಜ್ಜೆ ಮುಂದೆ, ಹಿಂದೆ ನಡೆದು ನೋಡಿದೆ. ಬದಲಾಗಲಿಲ್ಲ. ಕಾಗದದ ಪ್ರಕಾರ ನಾವು ಕೊಳ್ಳಲು ಹೊರಟಿದ್ದ ಸೈಟು ಇನ್ನೂ ರಾಗಿ ಹೊಲ.

ಮೂರನೆಯದು ರೇರಾ. 2016ರ ಈ ಕಾಯ್ದೆ ಫ್ಲ್ಯಾಟ್‌ಗಳಿಗೆ ಮಾತ್ರ ಎಂದು ನನ್ನ ಸಹಪಾಠಿಗಳಲ್ಲೂ ಹಲವರು ತಿಳಿದಿದ್ದಾರೆ. ಹಾಗಲ್ಲ. 500 ಚದರ ಮೀಟರ್ ಮೀರಿದ ಜಾಗದಲ್ಲಿ ಸೈಟು ಮಾಡಿ ಮಾರುವವರೂ ನೋಂದಾಯಿಸಿಕೊಳ್ಳಬೇಕು. ನೋಂದಣಿ ಆಗುವ ಮುನ್ನ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಅಂದರೆ ‘ಅಪ್ಲೈ ಮಾಡಿದೀವಿ’ ಎಂಬ ಮಾತು ಸಮಾಧಾನ ಪಡುವಂಥದ್ದಲ್ಲ, ತಪ್ಪೊಪ್ಪಿಗೆ. ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮವೂ ಇದರಲ್ಲಿದೆ. ನಮ್ಮ ಹಾಸ್ಟೆಲ್ ಗೆಳತಿಯೊಬ್ಬಳ ಅಣ್ಣ ‘ತಿಂಗಳಿಗೆ ಐದು ಸಾವಿರ ಕಟ್ಟಿ, ಸೈಟಿನ ಒಡೆಯರಾಗಿ’ ಎಂಬ ಕಂತಿನ ಯೋಜನೆಗೆ ಎರಡು ವರ್ಷದಿಂದ ಹಣ ಕಟ್ಟುತ್ತಿದ್ದಾನೆ. ಕರಾರು ಎಲ್ಲಿ ಎಂದು ಕೇಳಿದ್ದಕ್ಕೆ ಅವನ ಹತ್ತಿರ ಇದ್ದದ್ದು ಚೀಟಿಯ ಪಾಸ್‌ಬುಕ್ಕಿನಂಥ ಒಂದು ಪುಸ್ತಕ ಮಾತ್ರ.

ಇಷ್ಟೆಲ್ಲ ಆದರೂ ಅಪ್ಪ ಪೂರ್ತಿ ಮನಸ್ಸು ಬದಲಿಸಿರಲಿಲ್ಲ. ‘ಎಲ್ಲ ಕಡೇನೂ ಹಿಂಗೇ ಕಣಮ್ಮ. ಮುಂದೆ ಸರ್ಕಾರನೇ ಸಕ್ರಮ ಮಾಡುತ್ತೆ’ ಎಂದರು. ಅಪ್ಪನ ಮಾತಿಗೆ ಆಧಾರ ಇಲ್ಲದಿಲ್ಲ. ಅಕ್ರಮ–ಸಕ್ರಮದ ಮಾತು ಕೇಳುತ್ತಲೇ ನಮ್ಮ ತಲೆಮಾರು ಹುಟ್ಟಿ ಬೆಳೆದಿದೆ. ಆದರೆ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು ಎಂಬುದನ್ನು ಮಾರುವವರು ಹೇಳುವುದಿಲ್ಲ. 2025ರಲ್ಲಿ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತಾ ಕೊಡುವ ಅಭಿಯಾನವೂ ನಡೆಯಿತು. ಈಗಾಗಲೇ ಮನೆ ಕಟ್ಟಿ ಕೂತ ಬಡ ಕುಟುಂಬಗಳಿಗೆ ಇಂಥ ಕ್ರಮ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಸಲ ‘ಇದೇ ಕೊನೆ’ ಎಂದು ಹೇಳಿ ಬಾಗಿಲು ತೆರೆದಾಗಲೂ, ಮುಂದಿನ ಸಲವೂ ತೆರೆಯುತ್ತದೆ ಎಂಬ ನಂಬಿಕೆಯ ಮೇಲೆ ಹೊಸ ಬಡಾವಣೆಗಳು ಏಳುತ್ತವೆ. ಏಜೆಂಟ್ ಮಾರುತ್ತಿದ್ದದ್ದು ಜಮೀನನ್ನಲ್ಲ, ಸರ್ಕಾರದ ಮುಂದಿನ ಕ್ಷಮೆಯನ್ನು.

ಕೊನೆಗೆ ಅಪ್ಪನನ್ನು ತಡೆದದ್ದು ನನ್ನ ಆ್ಯಪ್ ಅಲ್ಲ, ಅಮ್ಮ. ಜಮೀನಿನ ಮೂಲ ಮಾಲೀಕರ ವಂಶವೃಕ್ಷವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆವು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 2012ರ ವಿಭಾಗ ಪತ್ರದಲ್ಲಿ ಮೂವರು ಅಣ್ಣತಮ್ಮಂದಿರ ಸಹಿ ಮಾತ್ರ ಇತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು ‘ಈ ಇಬ್ಬರನ್ನ ಯಾರಾದ್ರೂ ಕೇಳಿದ್ರಾ?’ ಎಂದರು. ಏಜೆಂಟಿಗೆ ಫೋನ್ ಮಾಡಿದರೆ, ‘ಅಯ್ಯೋ, ಅವ್ರು ಮದ್ವೆ ಆಗಿ ಹೋಗಿ ಮೂವತ್ತು ವರ್ಷ ಆಯ್ತು ಬಿಡಿ’ ಎಂದ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮದುವೆಯಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಯೇ ಅಲ್ಲಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದ ಮೂಲಕ ಆದ ವಿಭಾಗಗಳಿಗೆ ರಕ್ಷಣೆ ಇದೆ. 2012ರದ್ದಕ್ಕೆ ಆ ರಕ್ಷಣೆ ಇಲ್ಲ. ಜಮೀನು ಪಿತ್ರಾರ್ಜಿತವಾಗಿದ್ದರೆ ಆ ಇಬ್ಬರು ಹೆಣ್ಣುಮಕ್ಕಳು ನಾಳೆ ಕೋರ್ಟಿಗೆ ಹೋಗಬಹುದು. ಹೋದರೆ ಅದು ಅವರ ತಪ್ಪೂ ಅಲ್ಲ. ನಾವು ದುಡ್ಡು ಕೊಟ್ಟು ಕೊಳ್ಳುವುದು ಬೇರೆಯವರ ಪಾಲನ್ನು ಎಂದಾದರೆ, ನಾನೂ ಒಬ್ಬ ಮಗಳಾಗಿ ಯಾವ ಬಾಯಿಂದ ಆ ಸೈಟನ್ನು ‘ನಮ್ಮದು’ ಎನ್ನಲಿ?

ಇಲ್ಲಿ ಒಂದು ದೊಡ್ಡ ತಪ್ಪು ಕಲ್ಪನೆ ಇದೆ: ‘ರಿಜಿಸ್ಟರ್ ಆದ ಮೇಲೆ ಮುಗೀತು.’ ನಮ್ಮ ದೇಶದ 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರ, ಒಡೆತನವಲ್ಲ. ಮಾರಿದವನಿಗೆ ಇದ್ದಷ್ಟೇ ಹಕ್ಕು ಕೊಂಡವನಿಗೆ ಬರುತ್ತದೆ. ಋಣಭಾರ ಪ್ರಮಾಣಪತ್ರ, ಜನ ಇ.ಸಿ. ಎನ್ನುವುದು, ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಒಳ್ಳೆಯದೇ. ಆದರೆ ಅದು ನೋಂದಾಯಿತ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಸಹಿ ಹಾಕದ ತಂಗಿಯ ಹೆಸರು ಅದರಲ್ಲಿ ಕಾಣುವುದಿಲ್ಲ. 1978ರ ಕಾಯ್ದೆಯಡಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ, ಅದು ಮೂಲ ಮಂಜೂರಾತಿದಾರರಿಗೆ ವಾಪಸ್ ಹೋಗಬಹುದು. ಅದನ್ನು ತಿಳಿಯಲು ಮಂಜೂರಾತಿ ದಾಖಲೆ, ಹಳೆಯ ಪಹಣಿ, ಮ್ಯುಟೇಶನ್ ನೋಡಬೇಕು. ಈ ಕೆಲಸಕ್ಕೆ ಮಾರುವವರ ವಕೀಲರಲ್ಲ, ನಮ್ಮದೇ ವಕೀಲರು ಬೇಕು. ನಮಗೆ ಪರಿಚಯದ ವಕೀಲರೊಬ್ಬರು ಇನ್ನೊಂದು ಸುಲಭ ಉಪಾಯ ಹೇಳಿಕೊಟ್ಟರು: ಸಾಲ ಬೇಡವಾದರೂ ಬ್ಯಾಂಕಿಗೆ ಹೋಗಿ ಈ ಸೈಟಿಗೆ ಸಾಲ ಕೊಡುತ್ತೀರಾ ಎಂದು ಕೇಳಿ. ತನ್ನ ದುಡ್ಡು ಹಾಕಲು ಬ್ಯಾಂಕೇ ಹೆದರುವ ಜಾಗಕ್ಕೆ ನಿವೃತ್ತಿಯ ದುಡ್ಡನ್ನು ಹಾಕಬಾರದು.

ಕಾಗದ ಎಲ್ಲ ಸರಿಯಿದೆ ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ಲೆಕ್ಕ ಉಳಿಯುತ್ತದೆ. 18 ಲಕ್ಷದ ಸೈಟು ನಿಜಕ್ಕೂ 18 ಲಕ್ಷದ್ದಲ್ಲ. ಮುದ್ರಾಂಕ ಶುಲ್ಕ ಶೇ 5 ಎಂದರೆ 90,000. ಅದರ ಮೇಲೆ ಶೇ 10 ಸೆಸ್ 9,000, ಗ್ರಾಮೀಣ ಪ್ರದೇಶದಲ್ಲಿ ಶೇ 3 ಸರ್‌ಚಾರ್ಜ್ 2,700. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ, ಅದು 36,000. ಒಟ್ಟು 1,37,700. ಕೈ ಬಿಡುವ ಹಣ ಸುಮಾರು 19.38 ಲಕ್ಷ. ಇದೇ ಹಣ ವರ್ಷಕ್ಕೆ ಶೇ 6.5ರ ಬಡ್ಡಿಯಲ್ಲಿ ಠೇವಣಿಯಾಗಿದ್ದರೆ ಐದು ವರ್ಷಕ್ಕೆ ಸುಮಾರು 26.5 ಲಕ್ಷ ಆಗುತ್ತದೆ. ತೆರಿಗೆ ಎರಡೂ ಕಡೆ ಇರುವುದರಿಂದ ಸದ್ಯಕ್ಕೆ ಬಿಡೋಣ. ಅಂದರೆ ಅಡಿಗೆ 1,500 ಕೊಟ್ಟ ಸೈಟು ಐದು ವರ್ಷದಲ್ಲಿ 2,200 ದಾಟಿದರೆ ಮಾತ್ರ ಬ್ಯಾಂಕಿಗೆ ಸಮ. ಮಾರುವಾಗಿನ ದಲ್ಲಾಳಿ ಕಮಿಷನ್, ಗಿಡಗಂಟಿ ತೆಗೆಸುವುದು, ಬೇಲಿ ಇವೆಲ್ಲ ಬೇರೆ. ಸೈಟು ತಿಂಗಳಿಗೆ ಒಂದು ರೂಪಾಯಿ ಬಾಡಿಗೆಯನ್ನೂ ಕೊಡುವುದಿಲ್ಲ. ‘ಬೆಲೆ 1,500ರಿಂದ 2,000 ಆಯ್ತು’ ಎಂದು ಹಿಗ್ಗುವವರು ಈ ಲೆಕ್ಕ ಹಾಕಿದರೆ, ಐದು ವರ್ಷ ತಡೆದವರು ನಿಜಕ್ಕೂ ಕಳೆದುಕೊಂಡಿರುತ್ತಾರೆ.

ಇನ್ನು ‘ಪೇಪರ್ ಮೇಲೆ ಮಾರ್ಗಸೂಚಿ ದರ ತೋರಿಸೋಣ, ಮಿಕ್ಕಿದ್ದು ಕ್ಯಾಶ್’ ಎಂಬ ಸಲಹೆ. ಹೊಸಬರಿಗೆ ಇದು ಶುಲ್ಕ ಉಳಿಸುವ ಜಾಣತನದಂತೆ ಕಾಣುತ್ತದೆ. ವ್ಯವಹಾರ ಮುರಿದರೆ ಕೇಳಲು ಹಕ್ಕಿರುವುದು ಪತ್ರದಲ್ಲಿರುವ ಮೊತ್ತವನ್ನಷ್ಟೇ. ಮುಂದೆ ಮಾರುವಾಗ ಕೊಂಡ ಬೆಲೆ ಕಡಿಮೆ ಎಂದು ದಾಖಲಾಗಿರುವುದರಿಂದ, ಇಲ್ಲದ ಲಾಭಕ್ಕೂ ತೆರಿಗೆ ಕಟ್ಟಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ. ಅಷ್ಟೇ ಮೊತ್ತದ ದಂಡ ಪಡೆದವರ ಮೇಲೆ ಬೀಳಬಹುದು. ನಮ್ಮ 25,000 ವಾಪಸ್ ಕೇಳಲು ಹೋದಾಗ ನಾನು ಇದನ್ನು ಮೆತ್ತಗೆ ಹೇಳಿ ನೋಡಿದೆ. ಹದಿನೈದು ಸಾವಿರ ವಾಪಸ್ ಬಂತು. ಉಳಿದ ಹತ್ತು ಸಾವಿರಕ್ಕೆ ಇವತ್ತಿಗೂ ‘ಮುಂದಿನ ವಾರ’ ಎಂಬ ಉತ್ತರ ಬರುತ್ತಿದೆ. ವಿಸಿಟಿಂಗ್ ಕಾರ್ಡಿನ ಹಿಂಬದಿಯ ಸಹಿಯನ್ನು ಯಾವ ಕೋರ್ಟಿಗೆ ಒಯ್ಯುವುದು?

ಇಷ್ಟು ಬರೆದದ್ದು ಜಮೀನೇ ಬೇಡ ಎಂದು ಹೇಳಲಿಕ್ಕಲ್ಲ. ಸ್ವಂತ ಸೂರಿನ ಆಸೆ ಮಧ್ಯಮ ವರ್ಗದ ಮನೆಗಳಲ್ಲಿ ಹೇಗೆ ಬೇರೂರಿದೆ ಎಂದು ನನಗೆ ಗೊತ್ತು. ಆದರೆ ಇಷ್ಟೆಲ್ಲ ಹುಡುಕುವ ಹೊರೆ ಕೊಳ್ಳುವವನ ಒಬ್ಬನ ಹೆಗಲ ಮೇಲೇ ಏಕೆ? ಪಹಣಿ ಭೂಮಿ ತಂತ್ರಾಂಶದಲ್ಲಿದೆ, ನೋಂದಣಿ ಕಾವೇರಿಯಲ್ಲಿ, ಖಾತೆ ಇ-ಸ್ವತ್ತುವಿನಲ್ಲಿ, ಬಡಾವಣೆಯ ವಿವರ ರೇರಾ ಜಾಲತಾಣದಲ್ಲಿ. ಎಲ್ಲವೂ ಸರ್ಕಾರದ ಕೈಯಲ್ಲೇ ಇರುವ ಮಾಹಿತಿ. ನೋಂದಣಿಗೆ ಇ-ಖಾತಾ ಕಡ್ಡಾಯ ಮಾಡಿದ್ದು ಒಳ್ಳೆಯ ಹೆಜ್ಜೆ. ಅದೇ ರೀತಿ ಒಂದು ಸರ್ವೆ ನಂಬರ್ ಹಾಕಿದರೆ ಪರಿವರ್ತನೆ ಆಗಿದೆಯೇ, ನಕ್ಷೆ ಅನುಮೋದನೆ ಇದೆಯೇ, ರೇರಾ ಸಂಖ್ಯೆ ಏನು, ಸ್ವಾಧೀನದ ಅಧಿಸೂಚನೆ ಇದೆಯೇ ಎಂಬುದು ಒಂದೇ ಪುಟದಲ್ಲಿ, ಕನ್ನಡದಲ್ಲಿ ಕಾಣುವಂತಾಗಲಿ. ನಾಲ್ಕು ಡೇಟಾಬೇಸ್ ಜೋಡಿಸುವುದು ನಮ್ಮ ಕಾಲೇಜಿನ ಮಕ್ಕಳು ಪ್ರಾಜೆಕ್ಟಿಗೆ ಎತ್ತಿಕೊಳ್ಳುವಂಥ ಕೆಲಸ. ನೋಂದಣಿ ಶುಲ್ಕವನ್ನು ದುಪ್ಪಟ್ಟು ಮಾಡಿದ ಸರ್ಕಾರಕ್ಕೆ ಕೊಳ್ಳುವವರು ಇಷ್ಟಾದರೂ ಕೇಳಬಹುದು.

ಯುಗಾದಿ ಕಳೆಯಿತು. ಅಪ್ಪನ ದುಡ್ಡು ಇನ್ನೂ ಬ್ಯಾಂಕಿನಲ್ಲೇ ಇದೆ. ವ್ಯಾನಿನಲ್ಲಿ ಸಿಕ್ಕಿದ್ದ ಮೇಷ್ಟ್ರು ಅದೇ ಬಡಾವಣೆಯಲ್ಲಿ ಸೈಟು ತೆಗೆದುಕೊಂಡರಂತೆ. ‘ಈಗ ಅಲ್ಲಿ ಅಡಿಗೆ 1,750 ಅಂತೆ. ನಿನ್ನ ಮಾತು ಕೇಳಿ ಮೂರು ಲಕ್ಷ ಹೋಯ್ತು ನೋಡು’ ಎಂದು ಅಪ್ಪ ಒಂದು ಸಂಜೆ ಅರ್ಧ ತಮಾಷೆ, ಅರ್ಧ ಬೇಸರದಲ್ಲಿ ಹೇಳಿದರು. ನನಗೂ ಒಳಗೊಳಗೇ ಕಸಿವಿಸಿಯಾಯಿತು. ನಾನೇ ತಪ್ಪಿರಬಹುದೇ?

ಮಾರನೆಯ ದಿನ ಗೆಳತಿಯ ಫೋನಿನಿಂದ ಅದೇ ಏಜೆಂಟಿಗೆ ಕರೆ ಮಾಡಿಸಿ ಸ್ಪೀಕರ್ ಹಾಕಿದೆವು. ಅಪ್ಪ ಪಕ್ಕದಲ್ಲೇ ಕೂತಿದ್ದರು. ‘ನಿಮ್ಮ ಲೇಔಟಲ್ಲಿ ನಮ್ಮ ಮಾವನ ಸೈಟಿದೆ. ಅರ್ಜೆಂಟಾಗಿ ಮಾರಬೇಕು. 1,750ಕ್ಕೆ ಹೋಗುತ್ತಾ?’ ಎಂದು ಅವಳು ಕೇಳಿದಳು.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ರೀಸೇಲ್ ಸದ್ಯಕ್ಕೆ ಕಷ್ಟ ಮೇಡಂ. ನಮ್ದೇ ಇನ್ನೂ ಮೂವತ್ತು ಸೈಟ್ ಉಳ್ದಿದೆ. 1,200ಕ್ಕೆ ಆಗೋದಾದ್ರೆ ಹೇಳಿ, ಯಾರಾದ್ರೂ ಬಂದ್ರೆ ನೋಡೋಣ’ ಎಂದ.

ಅಪ್ಪ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಮೇಷ್ಟ್ರ ನಂಬರ್ ಹುಡುಕತೊಡಗಿದರು.